ಥೀಮ್ ಪಾರ್ಕ್ ಪ್ರವಾಸ: ಟಿಕೆಟ್ ದರ ನೋಡುವ ಮೊದಲು ರೈಡ್ ಎಣಿಸಿ

ಥೀಮ್ ಪಾರ್ಕ್‌ಗಳು ದುಬಾರಿಯಾಗಿವೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಎಲ್ಲಿಗೆ ಹೋಗಬೇಕು, ಎಲ್ಲಿ ಉಳಿಯಬೇಕು ಎಂದು ತೀರ್ಮಾನಿಸುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕೊಟ್ಟ ದುಡ್ಡಿಗೆ ಮೊದಲು ಏನು ಸಿಗುತ್ತಿತ್ತು, ಈಗ ಏನು ಸಿಗುತ್ತಿದೆ?

1971ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆದಾಗ ದೊಡ್ಡವರ ಪ್ರವೇಶ ದರ 3.50 ಡಾಲರ್. ಆಗ ಒಳಗಿನ ರೈಡ್‌ಗಳಿಗೆ ಬೇರೆ ಕೂಪನ್ ಕೊಡಬೇಕಿತ್ತು. 1982ರಲ್ಲಿ ಅಲ್ಲಿನ ಎರಡನೆಯ ಪಾರ್ಕ್ ಎಪ್ಕಾಟ್ ಶುರುವಾಗುವ ಹೊತ್ತಿಗೆ ಕೂಪನ್ ಪುಸ್ತಕ ಹೋಗಿ, 15 ಡಾಲರ್ ಕೊಟ್ಟರೆ ದಿನವಿಡೀ ಎಲ್ಲ ರೈಡ್ ಎನ್ನುವ ಪದ್ಧತಿ ಬಂತು. ಅಂದಿನ 15 ಡಾಲರ್, ಬೆಲೆಯೇರಿಕೆ ಸೇರಿಸಿ ನೋಡಿದರೆ ಇಂದಿನ ಸುಮಾರು 50 ಡಾಲರ್‌ಗೆ ಸಮ. ಡಿಸ್ನಿ ವರ್ಲ್ಡ್‌ನ ಮೊದಲ ಪಾರ್ಕ್ ಮ್ಯಾಜಿಕ್ ಕಿಂಗ್ಡಮ್‌ನ ಒಂದು ದಿನದ ಟಿಕೆಟ್ 2015ರಲ್ಲಿ 100 ಡಾಲರ್ ದಾಟಿತು. 2018ರ ಅಕ್ಟೋಬರ್‌ನಿಂದ ತಾರೀಕು ನೋಡಿ ದರ ಏರಿಸುವ, ಇಳಿಸುವ ಪದ್ಧತಿ ಬಂತು. 2025ರ ಕ್ರಿಸ್‌ಮಸ್ ವಾರದಲ್ಲಿ ಅದೇ ಟಿಕೆಟ್ 199 ಡಾಲರ್.

ಇದು ಕಣ್ಣಿಗೆ ಕಾಣುವ ಏರಿಕೆ. ಕಾಣದ ಏರಿಕೆ ಬೇರೆಯೇ ಇದೆ. ಸಾಲು ತಪ್ಪಿಸಿ ಗೊತ್ತಾದ ಹೊತ್ತಿಗೆ ರೈಡ್ ಹತ್ತಿಸುತ್ತಿದ್ದ ಫಾಸ್ಟ್‌ಪಾಸ್ 1999ರಲ್ಲಿ ಬಂದಾಗ ಟಿಕೆಟ್ ಜೊತೆಗೇ ಪುಕ್ಕಟೆ ಸಿಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು. ಫ್ಲಾರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರ್. 2024ರ ಜುಲೈನಲ್ಲಿ ಅದಕ್ಕೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂದು ಹೆಸರಾಯಿತು, ಅಷ್ಟರಲ್ಲಾಗಲೇ ದರ ದಿನ ಮತ್ತು ಪಾರ್ಕ್ ನೋಡಿ ಬದಲಾಗುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೊತ್ತು ಗೊತ್ತು ಮಾಡದೆಯೇ ಸಾಲು ತಪ್ಪಿಸಿ ಹತ್ತಿಸುವ ಪ್ರೀಮಿಯರ್ ಪಾಸ್ ಬಂತು: ತಲೆಗೆ 129ರಿಂದ 449 ಡಾಲರ್. ನಾಲ್ವರ ಕುಟುಂಬ ಗರಿಷ್ಠ ದರದ ದಿನ ಕೊಂಡರೆ 1,796 ಡಾಲರ್, ಅದೂ ಪ್ರವೇಶ ಟಿಕೆಟ್ ಬಿಟ್ಟು. ವಿಮಾನ ನಿಲ್ದಾಣದಿಂದ ಡಿಸ್ನಿಯ ಹೋಟೆಲಿಗೆ ಪುಕ್ಕಟೆ ಓಡಾಡುತ್ತಿದ್ದ ಬಸ್ 2022ರ ಜನವರಿಗೆ ನಿಂತಿತು. ಅಂದರೆ ಕೂಪನ್ ಪದ್ಧತಿ ಬೇರೆ ವೇಷದಲ್ಲಿ ವಾಪಸ್ ಬಂದಿದೆ. ಟಿಕೆಟ್ ಈಗ ಗೇಟು ದಾಟಿಸುತ್ತದೆ, ಅಷ್ಟೇ. ಒಳಗಿನ ಸಮಯವನ್ನು ಬೇರೆಯಾಗಿ ಕೊಳ್ಳಬೇಕು. ಹೋಲಿಕೆ ಮಾಡುವಾಗ ಟಿಕೆಟ್‌ಗೆ ಟಿಕೆಟ್ ಹೋಲಿಸಿದರೆ ಲೆಕ್ಕ ತಪ್ಪುವುದು ಇಲ್ಲೇ.

ಸಾಲು ಉದ್ದವಾಗುವುದು ಹೇಗೆ

ಒಂದು ರೋಲರ್ ಕೋಸ್ಟರ್ ತೆಗೆದುಕೊಳ್ಳಿ. ಒಂದು ರೈಲಿನಲ್ಲಿ 24 ಸೀಟು, 90 ಸೆಕೆಂಡಿಗೊಂದು ರೈಲು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ರೈಲು, 960 ಜನ. ಸೀಟ್ ಬೆಲ್ಟ್ ನೋಡುವವರು ಕಡಿಮೆಯಾಗಿ, ಜನರ ಬ್ಯಾಗು, ಮೊಬೈಲು ಎತ್ತಿಡುವುದು ತಡವಾಗಿ, ರೈಲು ಹೊರಡಲು 120 ಸೆಕೆಂಡ್ ಹಿಡಿದರೆ ಅದೇ ಕೋಸ್ಟರ್ ಗಂಟೆಗೆ 720 ಜನರನ್ನಷ್ಟೇ ಹೊರುತ್ತದೆ. ಬರೀ 30 ಸೆಕೆಂಡಿನ ತಡ ಗಂಟೆಗೆ 240 ಸೀಟು ನುಂಗಿತು. ಜನ ಕಡಿಮೆ ಇರುವ ದಿನಗಳಲ್ಲಿ ಪಾರ್ಕ್‌ಗಳು ಎರಡರ ಬದಲು ಒಂದೇ ರೈಲು ಓಡಿಸುವುದೂ ಉಂಟು. ಸೀಸನ್ ಅಲ್ಲದಾಗ ಹೋದರೂ ಸಾಲು ಕರಗದಿರುವುದಕ್ಕೆ ಇದೊಂದು ಕಾರಣ.

ಈಗ ದುಡ್ಡು ಕೊಟ್ಟವರ ಸಾಲು ಸೇರಿಸಿ. ನಿಮ್ಮ ಮುಂದೆ 200 ಜನ ನಿಂತಿದ್ದಾರೆ. 960 ಸೀಟೂ ಒಂದೇ ಸಾಲಿಗೆ ಸಿಕ್ಕರೆ ಹನ್ನೆರಡೂವರೆ ನಿಮಿಷದಲ್ಲಿ ನಿಮ್ಮ ಸರದಿ. ನೂರರಲ್ಲಿ 70 ಸೀಟು ಪಾಸ್ ಕೊಂಡವರಿಗೆ ಹೋಗುವುದಾದರೆ ಸಾಮಾನ್ಯ ಸಾಲಿಗೆ ಉಳಿಯುವುದು ಗಂಟೆಗೆ 288 ಸೀಟು. ಅದೇ 200 ಜನರ ಹಿಂದೆ ನಿಂತವರು 42 ನಿಮಿಷ ಕಾಯಬೇಕು. ಸಾಲಿನ ಉದ್ದ ಕಣ್ಣಿಗೆ ಅಷ್ಟೇ ಇದೆ, ಮುಂದೆ ಹೋಗುವ ವೇಗ ಮಾತ್ರ ಮೂರನೇ ಒಂದಕ್ಕಿಂತಲೂ ಕೆಳಗೆ ಇಳಿದಿದೆ. ಪಾಸ್ ಕೊಳ್ಳದವರಿಗೆ ಅದೇ ಟಿಕೆಟ್‌ನಲ್ಲಿ ಸಿಗುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿರುವುದರ ಹಿಂದಿನ ಲೆಕ್ಕ ಇದು. ದರ ಏರಿದ್ದಕ್ಕಿಂತ ದೊಡ್ಡ ನಷ್ಟ ಇದೇ ಅನ್ನುವುದು ನಮ್ಮ ಖಚಿತ ಅಭಿಪ್ರಾಯ, ಏಕೆಂದರೆ ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಅಳೆಯುವ ಕ್ರಮ

ಪಾರ್ಕ್ 12 ಗಂಟೆ ತೆರೆದಿದೆ ಎನ್ನಿ. ಓಡಾಟ, ಊಟ, ಶೌಚಾಲಯ, ಒಂದು ಪರೇಡ್ ಅಥವಾ ಶೋ, ಮಕ್ಕಳ ಸುಸ್ತು ಎಲ್ಲ ಸೇರಿ ನಾಲ್ಕು ಗಂಟೆ ತೆಗೆಯಿರಿ. ಉಳಿದದ್ದು 480 ನಿಮಿಷ. ಪ್ರತಿ ರೈಡ್‌ಗೆ ಸರಾಸರಿ 50 ನಿಮಿಷ ಕಾಯುವುದು, ಹತ್ತಿ ಇಳಿಯುವುದಕ್ಕೆ 10 ನಿಮಿಷ ಅಂದರೆ ದಿನಕ್ಕೆ ಎಂಟು ರೈಡ್. ಟಿಕೆಟ್ 160 ಡಾಲರ್ ಆದರೆ ತಲೆಗೆ ಒಂದು ರೈಡ್‌ಗೆ 20 ಡಾಲರ್. 30 ಡಾಲರಿನ ಪಾಸ್ ಕೊಂಡು ರೈಡ್ ಸಂಖ್ಯೆ 12ಕ್ಕೆ ಏರಿದರೆ ಒಂದು ರೈಡ್‌ಗೆ 16 ಡಾಲರ್‌ಗಿಂತ ಸ್ವಲ್ಪ ಕಡಿಮೆ. ಖರ್ಚು ಹೆಚ್ಚಿದರೂ ದುಡ್ಡಿಗೆ ಸಿಕ್ಕಿದ್ದು ಹೆಚ್ಚು. 60 ಡಾಲರ್ ಟಿಕೆಟಿನ ಪಾರ್ಕ್‌ನಲ್ಲಿ 14 ರೈಡ್ ಆದರೆ ಒಂದಕ್ಕೆ ನಾಲ್ಕು ಡಾಲರ್ ಚಿಲ್ಲರೆ.

ಇವು ಕ್ರಮ ತೋರಿಸಲು ಹಾಕಿದ ಅಂಕಿಗಳು. ನೀವು ಹೋಗುವ ತಾರೀಕಿನ ದರ ಪಾರ್ಕ್‌ನ ಕ್ಯಾಲೆಂಡರಿನಲ್ಲಿ ನೋಡಿ, ಕಾಯುವ ಸಮಯವನ್ನು ಅದರ ಆ್ಯಪ್‌ನಲ್ಲಿ ಒಂದು ವಾರ ಮೊದಲಿನಿಂದ ಬೆಳಗ್ಗೆ 11, ಮಧ್ಯಾಹ್ನ 3, ರಾತ್ರಿ 8ಕ್ಕೆ ಬರೆದಿಟ್ಟುಕೊಂಡು ಇದೇ ಲೆಕ್ಕ ಹಾಕಿ. ಮೂರು ಹೊತ್ತಿನ ಸರಾಸರಿ ಸಾಕು. ರೈಡ್‌ಗಿಂತ ಶೋ, ಪರೇಡ್, ಅಲಂಕಾರ, ಕಥಾಪಾತ್ರಗಳ ಭೇಟಿಯೇ ಇಷ್ಟವಾಗುವ ಮಕ್ಕಳಿದ್ದರೆ ಅವನ್ನೂ ಒಂದೊಂದು ರೈಡ್ ಎಂದೇ ಎಣಿಸಿ. ಡಿಸ್ನಿಯ ಬಲ ಇರುವುದೇ ಅಲ್ಲಿ.

ಪಾರ್ಕ್‌ನ ಹೋಟೆಲೋ, ಹೊರಗಿನದೋ

ಡಿಸ್ನಿ ವರ್ಲ್ಡ್‌ನ ಸ್ವಂತ ಹೋಟೆಲಿನಲ್ಲಿ ಉಳಿದರೆ ಸಿಗುವುದು ಇಷ್ಟು: ದಿನವೂ ಅರ್ಧ ಗಂಟೆ ಮುಂಚೆ ಪ್ರವೇಶ, ಲೈಟ್ನಿಂಗ್ ಲೇನ್ ಅನ್ನು ಏಳು ದಿನ ಮೊದಲೇ ಬುಕ್ ಮಾಡುವ ಅವಕಾಶ (ಹೊರಗಿನವರಿಗೆ ಮೂರೇ ದಿನ), ಒಳಗಿನ ಬಸ್ಸು, ಪಾರ್ಕಿಂಗ್ ಪುಕ್ಕಟೆ. ರಾತ್ರಿ ಹೆಚ್ಚು ಹೊತ್ತು ಇರುವ ಸೌಲಭ್ಯ ಡೀಲಕ್ಸ್ ದರ್ಜೆಯ ಹೋಟೆಲುಗಳಿಗೆ ಮಾತ್ರ, ಅದೂ ಕೆಲವೇ ರಾತ್ರಿ.

ಇದರಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಎರಡು ದೊಡ್ಡ ರೈಡ್ ಮುಗಿಸಿದರೆ ಮಧ್ಯಾಹ್ನದ ಒಂದೂವರೆ ಗಂಟೆ ಉಳಿಯುತ್ತದೆ. ಆದರೆ ಅರ್ಧ ಗಂಟೆ ಮುಂಚೆ ತೆರೆಯುವ ಗೇಟಿಗೆ ಇನ್ನೂ ಅರ್ಧ ಗಂಟೆ ಮುಂಚೆ ಹೋಗಿ ನಿಲ್ಲಬೇಕು. ಬೆಳಗ್ಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಲಾಗದ ಮನೆಯವರು ಈ ಸೌಲಭ್ಯಕ್ಕೆ ದುಡ್ಡು ಕೊಟ್ಟು ಬಳಸದೆ ವಾಪಸ್ ಬರುತ್ತಾರೆ. ಅಂಥವರಿಗೆ ಒಳಗಿನ ಹೋಟೆಲ್ ಬೇಡ.

ಹೊರಗಿನ ಹೋಟೆಲಿಗೆ ಹೋಲಿಸುವಾಗ ಕೊಠಡಿ ದರಕ್ಕೆ ಕೊಠಡಿ ದರ ಇಟ್ಟು ನೋಡುವುದೇ ಎಲ್ಲರೂ ಮಾಡುವ ತಪ್ಪು. ಒಂದು ಮಾದರಿ ನೋಡಿ. ಒಳಗೆ ರಾತ್ರಿಗೆ 220, ಹೊರಗೆ 110, ಐದು ರಾತ್ರಿ. ವ್ಯತ್ಯಾಸ 550, ಡಿಸ್ನಿ ವರ್ಲ್ಡ್‌ಗೆ ಹತ್ತಿರದ ನಗರ ಆರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ ಕೊಠಡಿ ಮೇಲಿನ ತೆರಿಗೆ ಒಟ್ಟು 12.5 ಶೇಕಡಾ, ಅದನ್ನು ಸೇರಿಸಿದರೆ 619. ಪಾರ್ಕ್‌ನಲ್ಲಿ ಕಾರು ನಿಲ್ಲಿಸಲು ದಿನಕ್ಕೆ 30 ಡಾಲರ್ ಅಥವಾ ಅದಕ್ಕೂ ಹೆಚ್ಚು. ನಾಲ್ಕು ದಿನಕ್ಕೆ 120 ಕಳೆಯಿರಿ, 499 ಉಳಿಯಿತು. ಪಾರ್ಕ್‌ಗೆ ಹೋಗಲೆಂದೇ ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಬಾಡಿಗೆ, ಪೆಟ್ರೋಲ್ ಸೇರಿ 300 ಎನ್ನಿ, ಉಳಿತಾಯ 200ಕ್ಕೆ ಬಂದು ನಿಂತಿತು. ಕಾರು ಹೇಗೂ ಬೇಕು ಅನ್ನುವವರಿಗೆ ಹೊರಗಿನ ಹೋಟೆಲ್ ಲಾಭ. ಕಾರು ಬೇಡ ಅನ್ನುವವರಿಗೆ ಲಾಭ ಅಷ್ಟಕ್ಕಷ್ಟೇ, ಜೊತೆಗೆ ನಾಲ್ಕು ಬೆಳಗಿನ ಅರ್ಧರ್ಧ ಗಂಟೆಯೂ ಹೋಯಿತು.

ಹೊರಗಿನ ಹೋಟೆಲುಗಳು ಕೊಠಡಿ ದರದ ಮೇಲೆ ಹಾಕುವ ರೆಸಾರ್ಟ್ ಫೀ ಎಂಬ ಕಡ್ಡಾಯ ಶುಲ್ಕ ಮೊದಲು ಬಿಲ್ಲಿನ ಕೊನೆಯಲ್ಲಿ ತಲೆ ಎತ್ತುತ್ತಿತ್ತು. 2025ರ ಮೇ 12ರಿಂದ ಅಮೆರಿಕದಲ್ಲಿ ಕಡ್ಡಾಯ ಶುಲ್ಕಗಳನ್ನು ಮೊದಲು ತೋರಿಸುವ ದರದಲ್ಲೇ ಸೇರಿಸಬೇಕೆಂಬ ನಿಯಮ ಇದೆ. ತೆರಿಗೆ ಮತ್ತು ಹೋಟೆಲಿನ ಪಾರ್ಕಿಂಗ್ ಶುಲ್ಕ ಅದರಲ್ಲಿ ಸೇರದೆ ಇರಬಹುದು, ಆದ್ದರಿಂದ ಬುಕಿಂಗಿನ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. "ಪುಕ್ಕಟೆ ಶಟಲ್" ಎಂದಿದ್ದರೆ ಹೊರಡುವ ಮತ್ತು ವಾಪಸ್ ಬರುವ ಹೊತ್ತುಗಳನ್ನು ಬರೆದುಕೊಡಲು ಕೇಳಿ. ಬೆಳಗ್ಗೆ ಪಾರ್ಕ್ ತೆರೆದ ಮೇಲೆ ಮುಟ್ಟಿಸಿ, ರಾತ್ರಿ ಪಟಾಕಿ ಪ್ರದರ್ಶನಕ್ಕೆ ಮೊದಲೇ ಹೊರಡುವ ಶಟಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಯೂನಿವರ್ಸಲ್‌ನ ಒಂದು ರಾತ್ರಿ, ಎರಡು ದಿನ

ದೊಡ್ಡ ಪಾರ್ಕ್‌ಗಳ ಪೈಕಿ ದುಡ್ಡಿಗೆ ತಕ್ಕ ಬೆಲೆ ಎನ್ನಬಹುದಾದ ಒಂದು ದಾರಿ ಯೂನಿವರ್ಸಲ್ ಆರ್ಲ್ಯಾಂಡೊದಲ್ಲಿದೆ. ಅಲ್ಲಿನ ಮೂರು ಪ್ರೀಮಿಯರ್ ಹೋಟೆಲುಗಳಲ್ಲಿ (ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್) ಉಳಿದ ಕೊಠಡಿಯ ಎಲ್ಲರಿಗೂ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್ ಪಾಸ್ ಸೇರಿರುತ್ತದೆ. ಬಂದ ದಿನಕ್ಕೂ ಉಂಟು, ಖಾಲಿ ಮಾಡುವ ದಿನಕ್ಕೂ ಉಂಟು. ಅಂದರೆ ಒಂದು ರಾತ್ರಿಗೆ ಎರಡು ದಿನ. ನಾಲ್ವರಿಗೆ ಬೇರೆಯಾಗಿ ಎಕ್ಸ್‌ಪ್ರೆಸ್ ಕೊಂಡರೆ, ತಲೆಗೆ ದಿನಕ್ಕೆ 150 ಎಂದು ಹಿಡಿದರೂ ಎರಡು ದಿನಕ್ಕೆ 1,200 ಡಾಲರ್. ಕೊಠಡಿ 450 ಇದ್ದು ತೆರಿಗೆ ಸೇರಿ 506 ಆದರೆ ಕೊಠಡಿಯೇ ಅಗ್ಗ.

ಮಾಡುವ ಕ್ರಮ: ಬೆಳಗ್ಗೆ ಎಂಟರೊಳಗೆ ಹೋಟೆಲಿಗೆ ಹೋಗಿ ಚೆಕ್ ಇನ್ ಮಾಡಿ. ಕೊಠಡಿ ಮಧ್ಯಾಹ್ನ ಸಿಗುತ್ತದೆ, ಪಾಸ್ ಆಗಲೇ ಕೈಗೆ ಬರುತ್ತದೆ. ಲಗೇಜ್ ಅಲ್ಲೇ ಬಿಟ್ಟು ಪಾರ್ಕ್‌ಗೆ ನಡೆಯಿರಿ. ಮರುದಿನ ಕೊಠಡಿ ಖಾಲಿ ಮಾಡಿ ಲಗೇಜ್ ಒಪ್ಪಿಸಿ, ಪಾರ್ಕ್ ಮುಚ್ಚುವ ತನಕ ಪಾಸ್ ಬಳಸಿ. ಎಲ್ಲರ ಹೆಸರೂ ಕೊಠಡಿಯ ಬುಕಿಂಗಿನಲ್ಲಿರಬೇಕು. ಹಿಂದೆ ಮುಂದಿನ ರಾತ್ರಿಗಳಿಗೆ ಅಗ್ಗದ ಹೋಟೆಲ್ ನೋಡಿಕೊಂಡರಾಯಿತು. ಎಡವುವುದು ಎರಡು ಕಡೆ: ಈ ಸೌಲಭ್ಯ ಯೂನಿವರ್ಸಲ್ ಸ್ಟುಡಿಯೋಸ್ ಫ್ಲಾರಿಡಾ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್‌ಗೆ ಮಾತ್ರ, 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್‌ಗೆ ಇಲ್ಲ. ಮತ್ತೆ, ಎಲ್ಲ ರೈಡ್‌ಗಳೂ ಎಕ್ಸ್‌ಪ್ರೆಸ್‌ನಲ್ಲಿ ಇರುತ್ತವೆ ಎಂದುಕೊಳ್ಳಬೇಡಿ. ಪಟ್ಟಿ ಮೊದಲೇ ನೋಡಿ.

ಸಣ್ಣ ಪಾರ್ಕ್‌ಗಳ ಪರವಾಗಿ

ದೊಡ್ಡ ಹೆಸರು ಬೇಡ, ಮಕ್ಕಳು ದಿನವಿಡೀ ಆಡಿ ನಗಬೇಕು ಅಷ್ಟೇ ಅನ್ನುವವರಿಗೆ ಪ್ರಾದೇಶಿಕ ಪಾರ್ಕ್‌ಗಳಷ್ಟು ಒಳ್ಳೆಯ ಆಯ್ಕೆ ಇಲ್ಲ. ಇಂಡಿಯಾನಾದ ಸಾಂಟಾ ಕ್ಲಾಸ್ ಎಂಬ ಊರಿನಲ್ಲಿರುವ ಹಾಲಿಡೇ ವರ್ಲ್ಡ್‌ನಲ್ಲಿ ಪಾರ್ಕಿಂಗ್, ತಂಪು ಪಾನೀಯ, ಸನ್‌ಸ್ಕ್ರೀನ್ ಮೂರೂ ಪುಕ್ಕಟೆ, ಪಕ್ಕದ ವಾಟರ್ ಪಾರ್ಕ್ ಕೂಡ ಅದೇ ಟಿಕೆಟಿನಲ್ಲಿ ಸೇರಿದೆ. ಬೇಸಿಗೆಯ ದಿನ ನಾಲ್ಕು ಜನ ಎಷ್ಟು ಸಲ ಬಾಯಾರಿ ಕೌಂಟರಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದರೆ ಆ ತಂಪು ಪಾನೀಯದ ಬೆಲೆ ಗೊತ್ತಾಗುತ್ತದೆ.

ಪೆನ್ಸಿಲ್ವೇನಿಯಾದ ಎಲಿಸ್‌ಬರ್ಗ್‌ನಲ್ಲಿರುವ ಕ್ನೋಬೆಲ್ಸ್ ಪಾರ್ಕ್‌ನಲ್ಲಿ ಗೇಟಿನ ದುಡ್ಡೇ ಇಲ್ಲ, ಪಾರ್ಕಿಂಗೂ ಪುಕ್ಕಟೆ. ಹತ್ತಿದ ರೈಡ್‌ಗೆ ಮಾತ್ರ ದುಡ್ಡು. ಅಜ್ಜಿ ತಾತ, ಬಸುರಿ, ಕೂಸು, ತಲೆಸುತ್ತು ಬರುವವರು ಜೊತೆಗಿರುವ ಕುಟುಂಬಕ್ಕೆ ಇದಕ್ಕಿಂತ ನ್ಯಾಯದ ಪದ್ಧತಿ ಇನ್ನೊಂದಿಲ್ಲ. ಆರು ಜನರಲ್ಲಿ ಇಬ್ಬರೇ ರೈಡ್ ಹತ್ತುವವರಾದರೆ ದೊಡ್ಡ ಪಾರ್ಕ್‌ನಲ್ಲಿ ಉಳಿದ ನಾಲ್ವರು ಬೆಂಚಿನ ಮೇಲೆ ಕೂರಲು ಪೂರ್ತಿ ಟಿಕೆಟ್ ಕೊಡುತ್ತಾರೆ. 1843ರಲ್ಲಿ ಶುರುವಾದ ಕೋಪನ್‌ಹೇಗನ್‌ನ ಟಿವೊಲಿಯಲ್ಲೂ ಪ್ರವೇಶ ಬೇರೆ, ರೈಡ್ ಬೇರೆ; ತೋಟ, ದೀಪ, ಸಂಗೀತ ಸಾಕು ಅನ್ನುವವರು ಅಷ್ಟಕ್ಕೇ ಕೊಟ್ಟು ಒಳಗೆ ಹೋಗಬಹುದು.

ಸೀಡರ್ ಪಾಯಿಂಟ್, ಸಿಕ್ಸ್ ಫ್ಲ್ಯಾಗ್ಸ್‌ನಂಥ ಕೋಸ್ಟರ್ ಪಾರ್ಕ್‌ಗಳಿಗೆ ಗೇಟಿನ ಬಳಿ ಟಿಕೆಟ್ ಕೊಳ್ಳಬೇಡಿ. ಆನ್‌ಲೈನ್ ದರಕ್ಕೂ ಗೇಟಿನ ದರಕ್ಕೂ ದೊಡ್ಡ ಅಂತರ ಇರುತ್ತದೆ. ವರ್ಷಕ್ಕೆ ಎರಡು ಮೂರು ಸಲ ಹೋಗುವವರಾದರೆ ಸೀಸನ್ ಪಾಸ್ ನೋಡಿ, ಆದರೆ ಕೊಳ್ಳುವ ಮೊದಲು ಮೂರು ವಿಷಯ ಓದಿ: ಪಾರ್ಕಿಂಗ್ ಸೇರಿದೆಯೇ, ಯಾವ ದಿನಗಳಲ್ಲಿ ಪಾಸ್ ನಡೆಯುವುದಿಲ್ಲ, ಒಂದೇ ಪಾರ್ಕ್‌ಗೋ ಕಂಪನಿಯ ಎಲ್ಲ ಪಾರ್ಕ್‌ಗೋ. ಸೀಡರ್ ಪಾಯಿಂಟ್ ನಡೆಸುತ್ತಿದ್ದ ಸೀಡರ್ ಫೇರ್ ಕಂಪನಿ ಮತ್ತು ಸಿಕ್ಸ್ ಫ್ಲ್ಯಾಗ್ಸ್ 2024ರ ಜುಲೈನಲ್ಲಿ ಒಂದಾದ ಮೇಲೆ ಈ ಮೂರನೆಯ ಪ್ರಶ್ನೆ ಹೆಚ್ಚು ಮುಖ್ಯವಾಗಿದೆ.

ಡಿಸ್ನಿಯೇ ಬೇಕು, ದೂರದ ಪ್ರಯಾಣಕ್ಕೆ ಹೇಗೂ ಸಿದ್ಧ ಅನ್ನುವವರು ಟೋಕಿಯೊವನ್ನೂ ತೂಗಿ ನೋಡಬೇಕು. ಅಲ್ಲಿ ದೊಡ್ಡವರ ಒಂದು ದಿನದ ಟಿಕೆಟ್ 2023ರ ಅಕ್ಟೋಬರ್‌ನಲ್ಲಿ ನಿಗದಿಯಾದಂತೆ 7,900ರಿಂದ 10,900 ಯೆನ್. ಫ್ಲಾರಿಡಾದ ದರದ ಮುಂದೆ ಬಹಳ ಕಡಿಮೆ. 2022ರಿಂದ ಅಲ್ಲೂ ಸಾಲು ತಪ್ಪಿಸಲು ದುಡ್ಡಿನ ಪಾಸ್ ಬಂದಿದೆ, ಆದರೆ ಬೇಕಾದ ರೈಡ್‌ಗೆ ಒಂದೊಂದಾಗಿ ಕೊಳ್ಳಬಹುದು.

ಮಗುವಿನ ಎತ್ತರವೇ ತಾರೀಕು ಹೇಳುತ್ತದೆ

ಡಿಸ್ನಿ, ಯೂನಿವರ್ಸಲ್ ಎರಡರಲ್ಲೂ ಮೂರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮೂರರಿಂದ ಒಂಬತ್ತಕ್ಕೆ ಮಕ್ಕಳ ಟಿಕೆಟ್, ಅದರ ರಿಯಾಯಿತಿ ಹೆಸರಿಗಷ್ಟೇ. ಹತ್ತು ತುಂಬಿದರೆ ಪೂರ್ತಿ ದರ. ಹಾಗಾಗಿ "ಎರಡೂ ಮುಕ್ಕಾಲು ವರ್ಷ ಇರುವಾಗಲೇ ಹೋಗಿಬರೋಣ" ಎಂದು ಲೆಕ್ಕ ಹಾಕುವವರು ಬಹಳ. ಟಿಕೆಟ್ ಉಳಿಯುತ್ತದೆ ನಿಜ, ಆದರೆ ರೈಡ್ ಹತ್ತಿಸುವುದು ವಯಸ್ಸಲ್ಲ, ಎತ್ತರ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂ.ಮೀ., ಸ್ಪೇಸ್ ಮೌಂಟನ್ ಮತ್ತು ಎಕ್ಸ್‌ಪೆಡಿಶನ್ ಎವರೆಸ್ಟ್‌ಗೆ 112, ಟ್ರಾನ್‌ಗೆ 122, ಯೂನಿವರ್ಸಲ್‌ನ ವೆಲೊಸಿಕೋಸ್ಟರ್‌ಗೆ 130. ಮಕ್ಕಳು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ 103, ಐದಕ್ಕೆ 110, ಏಳಕ್ಕೆ 121 ಸೆಂ.ಮೀ. ಆಸುಪಾಸಿನಲ್ಲಿರುತ್ತಾರೆ.

ಚಿಕ್ಕ ಮಗು 112 ದಾಟುವ ತನಕ ದುಬಾರಿ ಪ್ರವಾಸ ಮುಂದೂಡಿ ಅನ್ನುವುದು ನಮ್ಮ ಸಲಹೆ. ಎರಡು ವರ್ಷದ್ದೊಂದು, ಐದು ವರ್ಷದ್ದೊಂದು ಮಗು ಇದ್ದಾಗ ಹೋದರೆ ತಂದೆ ಒಂದು ಕಡೆ, ತಾಯಿ ಇನ್ನೊಂದು ಕಡೆ ಆಗಿ ದಿನ ಒಡೆದು ಹೋಗುತ್ತದೆ. ಆ ವಯಸ್ಸಿಗೆ ರೈಡ್‌ಗೆ ದುಡ್ಡು ಕೊಡುವ ಸಣ್ಣ ಪಾರ್ಕೇ ಸರಿ. ಹೋಗಲೇಬೇಕಾದರೆ ರೈಡರ್ ಸ್ವಿಚ್ ಕೇಳಿ: ಒಬ್ಬರು ಮಗುವಿನ ಜೊತೆ ಹೊರಗಿದ್ದು, ಇನ್ನೊಬ್ಬರು ಇಳಿದ ಮೇಲೆ ಮತ್ತೆ ಸಾಲು ನಿಲ್ಲದೆ ಹತ್ತಬಹುದು. ದುಡ್ಡಿಲ್ಲ, ಬಾಗಿಲಲ್ಲಿರುವ ಸಿಬ್ಬಂದಿಗೆ ಸಾಲು ಸೇರುವ ಮೊದಲೇ ಹೇಳಬೇಕು.

ಕೊಳ್ಳುವಾಗ, ಹೋಗುವಾಗ

ಹೆಚ್ಚು ದಿನದ ಟಿಕೆಟ್ ಕೊಂಡಷ್ಟೂ ದಿನದ ಸರಾಸರಿ ಇಳಿಯುತ್ತದೆ. ಆದರೆ ಸರಾಸರಿ ನೋಡಿ ಐದನೆಯ ದಿನ ಸೇರಿಸಬೇಡಿ; ಆ ದಿನದ ಊಟ, ಕೊಠಡಿ ಟಿಕೆಟಿಗಿಂತ ಹೆಚ್ಚಾಗುತ್ತದೆ. ಡಿಸ್ನಿ ವರ್ಲ್ಡ್‌ನ ನಾಲ್ಕು ದಿನದ ಟಿಕೆಟ್ ಏಳು ದಿನದ ಅವಧಿಯಲ್ಲಿ ಬಳಸಬಹುದು, ನಡುವೆ ಒಂದು ದಿನ ಈಜುಕೊಳದಲ್ಲಿ ಬಿಡುವು ಕೊಟ್ಟರೆ ಮಕ್ಕಳು ಮೂರನೆಯ ದಿನ ಅಳುವುದಿಲ್ಲ. ದಿನಕ್ಕೆರಡು ಪಾರ್ಕ್ ಸುತ್ತುವ ಹಾಪರ್ ಟಿಕೆಟ್ ಚಿಕ್ಕ ಮಕ್ಕಳಿರುವವರಿಗೆ ದಂಡ, ಪಾರ್ಕ್‌ನಿಂದ ಪಾರ್ಕ್‌ಗೆ ಹೋಗಿ ಸೇರುವಷ್ಟರಲ್ಲಿ ಒಂದು ಗಂಟೆ ಕಳೆಯುತ್ತದೆ.

ಡಿಸ್ನಿಯಲ್ಲಿ ಮನೆಯ ತಿಂಡಿ, ನೀರು ಒಳಗೆ ಒಯ್ಯಬಹುದು. ಗಾಜಿನ ಬಾಟಲಿ, ಮದ್ಯ ಮಾತ್ರ ಬಿಡುವುದಿಲ್ಲ. ತಿಂಡಿ ಕೌಂಟರುಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ.

ಕಡಿಮೆ ದರದ ದಿನಗಳು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಸಿಗುತ್ತವೆ. ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಕಾಲ ಅನ್ನುವುದು ನೆನಪಿರಲಿ. ಬೇಸಿಗೆಯ ಮಧ್ಯಾಹ್ನ ಗುಡುಗು ಮಿಂಚು ಶುರುವಾದರೆ ಬಯಲಿನ ರೈಡ್‌ಗಳೆಲ್ಲ ನಿಲ್ಲುತ್ತವೆ, ಅದಕ್ಕೆ ದುಡ್ಡು ವಾಪಸ್ ಇಲ್ಲ. ಆದ್ದರಿಂದ ಬಯಲಿನ ಕೋಸ್ಟರುಗಳನ್ನು ಹನ್ನೆರಡರೊಳಗೆ ಮುಗಿಸಿ, ಸೂರಿನಡಿಯ ರೈಡ್, ಶೋಗಳನ್ನು ಮಧ್ಯಾಹ್ನಕ್ಕಿಡಿ. ದೊಡ್ಡ ಸಾಲಿನ ಒಂದು ರೈಡ್ ಕೊನೆಗೆ ಉಳಿಸಿಕೊಳ್ಳಿ: ಪಾರ್ಕ್ ಮುಚ್ಚುವ ಹೊತ್ತಿಗೆ ಒಂದು ನಿಮಿಷ ಮೊದಲು ಸಾಲು ಸೇರಿದವರನ್ನೂ ಸಾಮಾನ್ಯವಾಗಿ ಹತ್ತಿಸಿಯೇ ಮುಚ್ಚುತ್ತಾರೆ. ಬುಕ್ ಮಾಡುವ ಮೊದಲು ದುರಸ್ತಿಗೆ ಮುಚ್ಚಿರುವ ರೈಡ್‌ಗಳ ಪಟ್ಟಿ ಪಾರ್ಕ್‌ನ ಜಾಲತಾಣದಲ್ಲಿ ನೋಡಿ. ಮಕ್ಕಳು ಯಾವ ರೈಡ್‌ಗಾಗಿ ಹಟ ಹಿಡಿದಿದ್ದಾರೋ ಅದೇ ಮುಚ್ಚಿದ್ದರೆ ತಾರೀಕು ಬದಲಿಸಿ.

ಇನ್ನು ಅರ್ಧ ಬಳಸಿದ ಹಲವು ದಿನದ ಟಿಕೆಟ್ ಕಡಿಮೆ ಬೆಲೆಗೆ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ಡಿಸ್ನಿ ವರ್ಲ್ಡ್‌ನಲ್ಲಿ ಮೊದಲ ಪ್ರವೇಶದಲ್ಲೇ ಬೆರಳಿನ ಸ್ಕ್ಯಾನ್ ಮೂಲಕ ಟಿಕೆಟ್ ಆ ವ್ಯಕ್ತಿಗೆ ಕಟ್ಟುಬೀಳುತ್ತದೆ. ಗೇಟಿನಲ್ಲಿ ನಿಮ್ಮ ಬೆರಳು ಹೊಂದದಿದ್ದರೆ ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಅಂದಿನ ಪೂರ್ತಿ ದರದ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ.